ಸಕ್ಕರೆ ಹಾಕದ ಸ್ಟರ್-ಫ್ರೈ ಸಾಸ್: ಅಳತೆ, ಗಟ್ಟಿತನ, ಕೆಡದಂತೆ ಇಡುವುದು

ಮಜ್ಜಿಗೆಮೆಣಸು:
ಸ್ಟರ್-ಫ್ರೈಗೆ, ಅಂದರೆ ಜೋರು ಉರಿಯಲ್ಲಿ ಬೇಗ ಹುರಿಯುವ ಚೀನೀ ಬಗೆಯ ಪಲ್ಯಕ್ಕೆ, ಹಾಕುವ ಸಾಸನ್ನು ಸಕ್ಕರೆ, ಬೆಲ್ಲ, ಜೇನು ಯಾವುದೂ ಇಲ್ಲದೆ ಮನೆಯಲ್ಲೇ ಮಾಡಬೇಕು. ಮಾಮೂಲಿ ಅಳತೆಯಲ್ಲಿ ಸಕ್ಕರೆ ಮಾತ್ರ ಬಿಟ್ಟರೆ ಉಪ್ಪು, ಹುಳಿ ಎರಡೂ ನಾಲಿಗೆಗೆ ಹೊಡೆಯುತ್ತವೆ. ತರಕಾರಿಗೆ ಅಂಟುವುದಿಲ್ಲ, ಹೊಳಪೂ ಇಲ್ಲ. ಒಂದು ವಾರಕ್ಕಾಗುವಷ್ಟು ಮಾಡಿ ಫ್ರಿಜ್ಜಿನಲ್ಲಿಡಬಹುದಾ? ಗ್ರಾಂ, ಮಿ.ಲೀ. ಲೆಕ್ಕದಲ್ಲಿ ಹೇಳಿದರೆ ಅನುಕೂಲ.

ಕಬ್ಬಿಣದಬಾಣಲೆ:
ತಪ್ಪಾಗಿರುವುದು ಅಲ್ಲೇ, ಸಕ್ಕರೆ *ಮಾತ್ರ* ಬಿಟ್ಟಿದ್ದರಲ್ಲಿ. ಆ ಅಳತೆಯಲ್ಲಿರುವ ಸೋಯಾ, ವಿನೆಗರ್ ಎರಡೂ ಸಕ್ಕರೆ ಇದೆ ಎಂಬ ಧೈರ್ಯದ ಮೇಲೆ ಅಷ್ಟಿರುವುದು. ಸಕ್ಕರೆ ಹೋದ ಮೇಲೆ ಅವುಗಳನ್ನೂ ಇಳಿಸಬೇಕು, ಖಾಲಿಯಾದ ಜಾಗಕ್ಕೆ ಸಾರದ ರುಚಿ ತರಬೇಕು. ಚೀನೀ ಅಡುಗೆಯೆಲ್ಲ ಸಿಹಿ ಅಲ್ಲ. ಶಾಂಘೈ, ವುಶಿ ಕಡೆಯವರು ಸಕ್ಕರೆ ಧಾರಾಳವಾಗಿ ಹಾಕುತ್ತಾರೆ. ಆದರೆ ‘ಶಿಯೆನ್-ಶಿಯೆನ್’ ಎಂದು ಒಂದು ಬಗೆಯೇ ಇದೆ, ಉಪ್ಪು ಮತ್ತು ಸಾರದ ರುಚಿಯ ಮೇಲೆ ನಿಂತದ್ದು. ಅದಕ್ಕೂ ಚಿಟಿಕೆ ಸಕ್ಕರೆ ಹಾಕುವವರಿದ್ದಾರೆ, ಬಿಟ್ಟರೂ ಏನೂ ಕಡಿಮೆಯಾಗುವುದಿಲ್ಲ. ಸಿಹಿ ಸಾಸಿಗೆ ಬದಲಿ ಹುಡುಕುವ ಬದಲು ಇದನ್ನೇ ಹಿಡಿಯಿರಿ.

ಸುಮಾರು 220 ಮಿ.ಲೀ. ಸಾಸಿಗೆ:

ಒಣ ಶಿಟಾಕೆ ಅಣಬೆ ನೆನೆಸಿದ ನೀರು 120 ಮಿ.ಲೀ.
ಲೈಟ್ ಸೋಯಾ ಸಾಸ್ 60 ಮಿ.ಲೀ.
ಸಿಹಿ ಸೇರಿಸದ ಅಕ್ಕಿ ವಿನೆಗರ್ 15 ಮಿ.ಲೀ.
ಸಿಪ್ಪೆ ತೆಗೆದ ಬೆಳ್ಳುಳ್ಳಿ 12 ಗ್ರಾಂ, ಶುಂಠಿ 10 ಗ್ರಾಂ, ಎರಡೂ ಸಣ್ಣಗೆ ಕೊಚ್ಚಿದ್ದು
ಕಡಲೆಕಾಯಿ ಎಣ್ಣೆ 10 ಮಿ.ಲೀ.
ಬಿಳಿ ಮೆಣಸಿನ ಪುಡಿ ಅರ್ಧ ಟೀ ಚಮಚ
ಹುರಿದ ಎಳ್ಳಿನ ಎಣ್ಣೆ 10 ಮಿ.ಲೀ.

ನಾಲ್ಕು ಒಣ ಅಣಬೆ ತೊಳೆದು 200 ಮಿ.ಲೀ. *ತಣ್ಣೀರಿನಲ್ಲಿ* ರಾತ್ರಿಯಿಡೀ ಫ್ರಿಜ್ಜಿನಲ್ಲಿ ನೆನೆಯಲಿ. ಕುದಿಯುವ ನೀರು ಹಾಕಿದರೆ ಅರ್ಧ ಗಂಟೆಗೆ ಮೆತ್ತಗಾಗುತ್ತವೆ, ನಿಜ, ಆದರೆ ಸಾರದಲ್ಲಿ ಆ ತೂಕ ಇರುವುದಿಲ್ಲ. ನೀರನ್ನು ಬಟ್ಟೆಯಲ್ಲಿ ಸೋಸಿ, ತಳದಲ್ಲಿ ಮರಳಿದ್ದರೆ ಕೊನೆಯ ಎರಡು ಚಮಚ ಚೆಲ್ಲಿ. ಅಣಬೆ ಪಲ್ಯಕ್ಕಾಯಿತು.

ಸಣ್ಣ ಉರಿಯಲ್ಲಿ ಕಡಲೆಕಾಯಿ ಎಣ್ಣೆ ಕಾಯಿಸಿ ಬೆಳ್ಳುಳ್ಳಿ, ಶುಂಠಿಯನ್ನು ಒಂದು ನಿಮಿಷ ಬಾಡಿಸಿ. ಹಸಿ ವಾಸನೆ ಹೋದರೆ ಸಾಕು. ಕೆಂಪಗಾದರೆ ಕಹಿ ಬರುತ್ತದೆ, ಸಕ್ಕರೆ ಇಲ್ಲದ ಸಾಸಿನಲ್ಲಿ ಆ ಕಹಿಯನ್ನು ಮುಚ್ಚುವುದು ಏನೂ ಇರುವುದಿಲ್ಲ. ಅಣಬೆ ನೀರು, ಸೋಯಾ ಹಾಕಿ ಒಂದು ಕುದಿ ಬಂದ ಮೇಲೆ ಮೂರು ನಿಮಿಷ ಬಿಡಿ. ಒಲೆ ಆರಿಸಿ ವಿನೆಗರ್, ಮೆಣಸಿನ ಪುಡಿ, ಎಳ್ಳೆಣ್ಣೆ. ವಿನೆಗರನ್ನು ಮೊದಲೇ ಹಾಕಿ ಕುದಿಸಿದರೆ ಪರಿಮಳ ಹಾರಿಹೋಗುತ್ತದೆ.

ಗಟ್ಟಿ ಮಾಡುವ ಹಿಟ್ಟನ್ನು ಬಾಟಲಿಗೆ ಸೇರಿಸಬೇಡಿ. ಅಡುಗೆ ಮಾಡುವಾಗ, ಬೇಕಾದಷ್ಟಕ್ಕೆ ಮಾತ್ರ.

ಶುಂಠಿಚೂರು:
ಎಳ್ಳೆಣ್ಣೆ ವಿಚಾರದಲ್ಲಿ ಒಂದು ಎಚ್ಚರ. ನಮ್ಮ ಗಾಣದ ಎಳ್ಳೆಣ್ಣೆ ಹುರಿಯದ ಎಳ್ಳಿನದು. ಚೀನಾ, ಕೊರಿಯಾದವರು ಕೊನೆಯಲ್ಲಿ ಹಾಕುವುದು ಹುರಿದ ಎಳ್ಳಿನದು, ಕಂದು ಬಣ್ಣ, ಘಮ ಜೋರು. ಒಂದರ ಬದಲು ಇನ್ನೊಂದು ನಡೆಯದು. ಸಿಗದಿದ್ದರೆ ಒಂದು ಟೇಬಲ್ ಚಮಚ ಬಿಳಿ ಎಳ್ಳನ್ನು ಚಟಪಟ ಎನ್ನುವವರೆಗೆ ಹುರಿದು, ಆರಿಸಿ, ಕುಟ್ಟಿ, ಎರಡು ಚಮಚ ಗಾಣದ ಎಳ್ಳೆಣ್ಣೆಯಲ್ಲಿ ಕಲಸಿಡಿ. ಹತ್ತಿರ ಬರುತ್ತದೆ.

ಚೀಟಿ_ಓದುವವ:
ಸಾಸ್ ಮಾಡುವ ಮುಂಚೆ ಬಾಟಲಿಗಳ ಹಿಂಬದಿ ಓದಿ. ಅರ್ಧ ಸಕ್ಕರೆ ಅಲ್ಲಿಂದಲೇ ಬರುತ್ತದೆ.

ಪದಾರ್ಥಗಳ ಪಟ್ಟಿ ತೂಕದ ಇಳಿಕೆ ಕ್ರಮದಲ್ಲಿರುತ್ತದೆ. ಒಳ್ಳೆಯ ಹುದುಗಿಸಿದ ಸೋಯಾದಲ್ಲಿ ನೀರು, ಸೋಯಾ ಕಾಳು, ಗೋಧಿ, ಉಪ್ಪು, ಹೆಚ್ಚೆಂದರೆ ಒಂದು ಸಂರಕ್ಷಕ, ಇಷ್ಟೇ ಇರಬೇಕು. ‘ಹೈಡ್ರೋಲೈಸ್ಡ್ ವೆಜಿಟೆಬಲ್ ಪ್ರೋಟೀನ್’ ಎಂದಿದ್ದರೆ ಅದು ತಿಂಗಳುಗಟ್ಟಲೆ ಹುದುಗಿಸಿದ್ದಲ್ಲ, ಸೋಯಾ ಪ್ರೋಟೀನನ್ನು ಆಮ್ಲದಲ್ಲಿ ಕುದಿಸಿ ಕೆಲವೇ ದಿನದಲ್ಲಿ ತೆಗೆದದ್ದು. ರುಚಿ ಒರಟು. ಅದಕ್ಕೇ ಅಂಥವಕ್ಕೆ ಸಕ್ಕರೆ, ಕ್ಯಾರಮೆಲ್ ಬಣ್ಣ ಸೇರಿರುತ್ತದೆ. ಸಕ್ಕರೆ ಇಲ್ಲದ ಸಾಸಿಗೆ ಇದು ಸರಿಹೋಗುವುದೇ ಇಲ್ಲ.

ಡಾರ್ಕ್ ಸೋಯಾಗೆ ಸಾಮಾನ್ಯವಾಗಿ ಮೊಲಾಸಿಸ್ ಅಥವಾ ಸಕ್ಕರೆ ಸೇರಿರುತ್ತದೆ. ಆಯ್ಸ್ಟರ್ ಸಾಸ್, ಹೊಯ್ಸಿನ್ ಕತೆಯೂ ಅದೇ. ಬಾಟಲಿ ಚಿಲ್ಲಿ ಸಾಸ್, ಕೆಚಪ್ ಬಗ್ಗೆ ಹೇಳುವುದೇ ಬೇಡ. ಜನ ಎಡವುವುದು ಇನ್ನೆರಡು ಕಡೆ. ಸುಶಿ ಅನ್ನಕ್ಕೆಂದು ಮಾರುವ ‘ಸೀಸನ್ಡ್’ ಅಕ್ಕಿ ವಿನೆಗರಿನಲ್ಲಿ ಸಕ್ಕರೆ, ಉಪ್ಪು ಎರಡೂ ಇರುತ್ತವೆ. ಕೋಕೋನಟ್ ಅಮೀನೋಸ್ ಎಂದರೆ ತೆಂಗಿನ ನೀರಾವನ್ನೇ ಹುದುಗಿಸಿ ಉಪ್ಪು ಹಾಕಿದ್ದು. ನೀರಾ ಸಿಹಿ ತಾನೆ? ಗ್ಲುಟೆನ್ ಬೇಡದವರಿಗೆ ಗೋಧಿ ಸೇರಿಸದ ತಮಾರಿ (ಜಪಾನೀ ಸೋಯಾ ಸಾಸ್) ಇದಕ್ಕಿಂತ ವಾಸಿ.

ಇನ್ನು ‘ಶುಗರ್ ಫ್ರೀ’ ಎಂಬ ಮಾತಿಗೆ ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ 2018ರ ನಿಯಮದಲ್ಲಿ ಮಿತಿ ಹಾಕಿದೆ: 100 ಗ್ರಾಂ ಅಥವಾ 100 ಮಿ.ಲೀ.ಗೆ 0.5 ಗ್ರಾಂ ಮೀರಬಾರದು. ‘ನೋ ಆಡೆಡ್ ಶುಗರ್’ ಬೇರೆ. ಹುದುಗಿಸಿದ ಸೋಯಾದಲ್ಲಿ ಗೋಧಿಯ ಪಿಷ್ಟ ಒಡೆದು ಸ್ವಲ್ಪ ಸಕ್ಕರೆ ತಾನಾಗಿಯೇ ಹುಟ್ಟಿರುತ್ತದೆ. ಹಾಗಾಗಿ ಮೇಲಿನ ಸಾಸನ್ನು ‘ಸಕ್ಕರೆ ಹಾಕದ್ದು’ ಎನ್ನಬಹುದು, ಸಕ್ಕರೆಯೇ ಇಲ್ಲದ್ದು ಎನ್ನುವಂತಿಲ್ಲ.

ಹುಳಿಮಾವು:
ಅಕ್ಕಿ ವಿನೆಗರ್ ಎಲ್ಲ ಕಡೆ ಸಿಗಲ್ಲ. ಹುಣಸೆ ರಸ ಹಾಕಿದರೆ ಆಗದೇ? ರುಚಿಯೂ ದುಂಡಗಿರುತ್ತೆ.

ಚೀಟಿ_ಓದುವವ:
ದುಂಡಗಿರುವುದು ಸಕ್ಕರೆಯಿಂದಲೇ ಸ್ವಾಮಿ. ಹುಣಸೆ ತಿರುಳಿನ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸಕ್ಕರೆ, ಹುಳಿಯ ಅಬ್ಬರದಲ್ಲಿ ಗೊತ್ತಾಗುವುದಿಲ್ಲ ಅಷ್ಟೆ. ಒಂದು ಚಮಚ ತೆಳು ರಸದಿಂದ ಏನೂ ಮುಳುಗುವುದಿಲ್ಲ, ಆದರೆ ಸಕ್ಕರೆ ಬೇಡ ಎಂದು ಕೂತವರು ಲೆಕ್ಕದಲ್ಲಿ ಹಿಡಿಯಬೇಕು. ಬೀದಿಯ ಅಂಗಡಿಯ ಸಿಂಥೆಟಿಕ್ ವಿನೆಗರ್ ಇದ್ದರೆ 10 ಮಿ.ಲೀ. ವಿನೆಗರಿಗೆ 5 ಮಿ.ಲೀ. ನೀರು ಬೆರೆಸಿ. ಇಲ್ಲವೇ ವಿನೆಗರ್ ಪೂರ್ತಿ ಬಿಟ್ಟು, ಒಲೆಯಿಂದ ಇಳಿಸಿದ ಮೇಲೆ ಬಾಣಲೆಗೇ ಅರ್ಧ ನಿಂಬೆಹಣ್ಣು ಹಿಂಡಿ. ಹಾಗೆ ಮಾಡಿದರೆ ಬಾಟಲಿಯಲ್ಲಿರುವ ಸಾಸ್ ಬೇಗ ಕೆಡುತ್ತದೆ, ಮೂರು ದಿನದೊಳಗೆ ಮುಗಿಸಿ.

ಮಜ್ಜಿಗೆಮೆಣಸು:
ಅಣಬೆ ನೀರಿನ ಉಪಾಯ ಚೆನ್ನಾಗಿದೆ. ಆದರೂ ಮನೆಯಲ್ಲಿ ಸ್ವಲ್ಪ ಸಿಹಿ ಬೇಕೇ ಬೇಕು ಎನ್ನುವವರಿಗೆ ಸ್ಟೀವಿಯಾ, ಎರಿಥ್ರಿಟಾಲ್ ಹಾಕಬಹುದಾ? ಎಷ್ಟು?

ಅಳತೆಚಮಚ:
ಎರಿಥ್ರಿಟಾಲ್ ಸಕ್ಕರೆಯ ಶೇ. 60–70ರಷ್ಟು ಸಿಹಿ. ಈ 220 ಮಿ.ಲೀ.ಗೆ 5 ಗ್ರಾಂ ಸಾಕು, ಬಿಸಿ ಇರುವಾಗಲೇ ಕರಗಿಸಿ. ಹೆಚ್ಚು ಹಾಕಿದರೆ ಎರಡು ತೊಂದರೆ. ನಾಲಿಗೆಗೆ ಪುದೀನ ಇಟ್ಟ ಹಾಗೆ ತಂಪು ಹೊಡೆಯುತ್ತದೆ. ಫ್ರಿಜ್ಜಿನಲ್ಲಿ ಮತ್ತೆ ಹರಳುಗಟ್ಟಿ ತಳಕ್ಕೆ ಕೂರುತ್ತದೆ. ಸಕ್ಕರೆಯ ಹಾಗೆ ಕೆಂಪಾಗುವ ಗುಣ ಇದಕ್ಕಿಲ್ಲ, ಆ ಆಸೆಯಿಂದ ಹಾಕಬೇಡಿ.

ಸ್ಟೀವಿಯಾ ಸೋಯಾ ಜೊತೆ ಸೇರುವುದಿಲ್ಲ, ಕೊನೆಯಲ್ಲಿ ಕಹಿ ಎಳೆಯುತ್ತದೆ. ಮಾಲ್ಟಿಟಾಲ್ ರಕ್ತದ ಸಕ್ಕರೆಯನ್ನು ಏರಿಸುತ್ತದೆ, ಸಕ್ಕರೆಗಿಂತ ಕಡಿಮೆ ಅಷ್ಟೆ, ಜಾಸ್ತಿಯಾದರೆ ಹೊಟ್ಟೆಯೂ ಕೆಡುತ್ತದೆ. ಖರ್ಜೂರದ ಪೇಸ್ಟ್, ಬೆಲ್ಲ, ಜೇನು ಇವೆಲ್ಲ ಸಕ್ಕರೆಯೇ, ವೇಷ ಬೇರೆ.

ಸಿಹಿ ಹಾಕದೆ ಸಿಹಿಯ ಭಾಸ ತರುವುದಾದರೆ ಅಣಬೆ ನೀರು ಕುದಿಸುವಾಗ ಚಕ್ರಮೊಗ್ಗಿನ ಎರಡು ದಳ ಹಾಕಿ ಐದು ನಿಮಿಷಕ್ಕೆ ತೆಗೆದುಬಿಡಿ. ಎಂಟು ದಳದ ಇಡೀ ಮೊಗ್ಗು ಬೇಡ, ಬಿರಿಯಾನಿ ಆಗುತ್ತದೆ.

ಹುಳಿಮಾವು:
ಹಾಗಾದರೆ ಜ್ಯೇಷ್ಠಮಧು? ಅದಂತೂ ನಿಜವಾಗಿ ಸಿಹಿ, ಸಕ್ಕರೆಯೂ ಅಲ್ಲ.

ಅಳತೆಚಮಚ:
ಇದು ಬೇಡ. ಅದರ ಸಿಹಿ ಗ್ಲೈಸಿರೈಝಿನ್ ಎಂಬ ಅಂಶದ್ದು. ದಿನಾ ಸೇವಿಸಿದರೆ ಮೈಯಲ್ಲಿ ಉಪ್ಪು ನಿಲ್ಲಿಸಿ ಪೊಟ್ಯಾಸಿಯಂ ಇಳಿಸುತ್ತದೆ, ಬಿಪಿ ಏರುತ್ತದೆ. ಸೋಯಾದಲ್ಲಿ ಮೊದಲೇ ಉಪ್ಪು ತುಂಬಿದೆ. ಸಕ್ಕರೆ ಕಾಯಿಲೆಯ ಜೊತೆ ಬಿಪಿ ಮಾತ್ರೆ ನುಂಗುವವರಿಗೆ ಇದು ಅಪಾಯದ ಜೋಡಿ.

ಕಬ್ಬಿಣದಬಾಣಲೆ:
ಉಪ್ಪಿನ ಮಾತು ಬಂದಿದ್ದು ಒಳ್ಳೆಯದಾಯಿತು. ಲೈಟ್ ಸೋಯಾದ 15 ಮಿ.ಲೀ.ಯಲ್ಲಿ ಸುಮಾರು 900 ಮಿ.ಗ್ರಾಂ ಸೋಡಿಯಂ. 60 ಮಿ.ಲೀ. ಎಂದರೆ 3,600. ಒಬ್ಬರ ತಟ್ಟೆಗೆ 45 ಮಿ.ಲೀ. ಸಾಸ್ ಬಿದ್ದರೆ 740ರ ಆಸುಪಾಸು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 2,000 ಮಿ.ಗ್ರಾಂ ಒಳಗೆ. ಆದ್ದರಿಂದ ತರಕಾರಿಗೆ, ನೂಡಲ್ಸ್ ಬೇಯಿಸುವ ನೀರಿಗೆ ಬೇರೆ ಉಪ್ಪು ಹಾಕಬೇಡಿ.

ಇನ್ನೂ ಇಳಿಸಬೇಕೆಂದರೆ ಸೋಯಾ 45 ಮಿ.ಲೀ.ಗೆ ತನ್ನಿ, ಅಣಬೆ ನೀರು 135 ಮಾಡಿ, ಅರ್ಧ ಗ್ರಾಂ ಅಜಿನೊಮೊಟೊ ಸೇರಿಸಿ. 900 ಮಿ.ಗ್ರಾಂ ಸೋಡಿಯಂ ಹೋಗಿ 60 ಮಾತ್ರ ಬರುತ್ತದೆ, ರುಚಿ ಇಳಿಯುವುದಿಲ್ಲ. ಅಜಿನೊಮೊಟೊ ಎಂದ ಕೂಡಲೇ ಬೆಚ್ಚಿಬೀಳುವವರಿಗೆ: 1908ರಲ್ಲಿ ಟೋಕಿಯೊದಲ್ಲಿ ಕಿಕುನಾಯೆ ಇಕೆಡಾ ಕೊಂಬು ಎಂಬ ಸಮುದ್ರಪಾಚಿಯ ಸಾರಿನಿಂದ ಬೇರ್ಪಡಿಸಿದ್ದು ಗ್ಲುಟಮೇಟನ್ನು. ಸೋಯಾದಲ್ಲಿ, ಟೊಮೆಟೊದಲ್ಲಿ ಇರುವುದೂ ಅದೇ. ಒಣ ಶಿಟಾಕೆಯಲ್ಲಿ ಗ್ವಾನಿಲೇಟ್ ಎಂಬ ಇನ್ನೊಂದು ರುಚಿಯ ಅಂಶ ಇದೆ. ಇವೆರಡು ಸೇರಿದಾಗ ರುಚಿ ಕೂಡುವುದಿಲ್ಲ, ಗುಣಿಸುತ್ತದೆ. ಸಕ್ಕರೆ ಬಿಟ್ಟು ಹೋದ ಜಾಗವನ್ನು ತುಂಬುವುದು ಇದೇ.

ಶುಂಠಿಚೂರು:
ಸೋಡಿಯಂ ಇಳಿಸಲು ‘ಲೋ ಸೋಡಿಯಂ’ ಉಪ್ಪಿನ ಮೊರೆ ಹೋಗುವವರು ಮೂತ್ರಪಿಂಡದ ತೊಂದರೆ ಇದ್ದರೆ ವೈದ್ಯರನ್ನು ಕೇಳಿಯೇ ಹೋಗಬೇಕು. ಅದರಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ.

ಮಜ್ಜಿಗೆಮೆಣಸು:
ಗಟ್ಟಿತನದ ಪ್ರಶ್ನೆ ಉಳಿದೇ ಇದೆ. ಕಾರ್ನ್‌ಫ್ಲೋರ್ ಹಾಕಿದರೆ ಒಮ್ಮೆ ಗೋಂದು, ಒಮ್ಮೆ ನೀರು.

ಅಳತೆಚಮಚ:
ಮೊದಲು ಹಿಟ್ಟು ಯಾವುದು ನೋಡಿ. ಕಾರ್ನ್‌ಫ್ಲೋರ್ ಎಂದರೆ ಬೆಳ್ಳಗೆ, ಹಿಡಿದರೆ ಕಿರ್ ಎನ್ನುವ ಪಿಷ್ಟ. ಮೆಕ್ಕೆಜೋಳದ ಹಳದಿ ಹಿಟ್ಟು ಹಾಕಿದರೆ ಗಂಜಿ ಆಗುತ್ತದೆ.

100 ಮಿ.ಲೀ. ಸಾಸಿಗೆ 4 ರಿಂದ 5 ಗ್ರಾಂ, ಅಂದರೆ ಅಂಚಿಗೆ ಸಮಮಾಡಿದ ಎರಡು ಟೀ ಚಮಚಕ್ಕೆ ಸ್ವಲ್ಪ ಕಡಿಮೆ. ಎರಡು ಪಟ್ಟು ತಣ್ಣೀರಿನಲ್ಲಿ ಕದಡಿ. ಬಿಸಿನೀರಲ್ಲಿ ಕದಡಿದರೆ ಕಾಳಿನ ಹೊರಮೈ ಮಾತ್ರ ಬೆಂದು ಒಳಗೆ ಒಣ ಹಿಟ್ಟು ಉಳಿಯುತ್ತದೆ, ಗಂಟೆಂದರೆ ಅದೇ. ಹಾಕುವ ಕ್ಷಣದಲ್ಲಿ ಮತ್ತೊಮ್ಮೆ ಕದಡಬೇಕು, ಎರಡು ನಿಮಿಷ ಬಿಟ್ಟರೆ ಹಿಟ್ಟು ತಳ ಹಿಡಿದಿರುತ್ತದೆ. ಜನ ಮೇಲಿನ ಬಿಳಿ ನೀರು ಸುರಿದು ‘ಗಟ್ಟಿಯಾಗಲಿಲ್ಲ’ ಎನ್ನುತ್ತಾರೆ, ಆಮೇಲೆ ತಳದ ಮುದ್ದೆ ಒಮ್ಮೆಗೇ ಬಿದ್ದು ಗೋಂದಾಗುತ್ತದೆ. ನಿಮ್ಮ ‘ಒಮ್ಮೆ ಹಾಗೆ ಒಮ್ಮೆ ಹೀಗೆ’ ಇದೇ ಇರಬೇಕು.

ಮೆಕ್ಕೆಜೋಳದ ಪಿಷ್ಟ 62 ರಿಂದ 72 ಡಿಗ್ರಿ ಸೆಲ್ಸಿಯಸ್ ನಡುವೆ ಊದಲು ಶುರುವಾಗುತ್ತದೆ, ಪೂರ್ತಿ ಗಟ್ಟಿಯಾಗಲು ಕುದಿಯ ಹತ್ತಿರ ಬರಲೇಬೇಕು. ಗುಳ್ಳೆ ಬಂದು ಅರ್ಧ ನಿಮಿಷ ಸಾಕು. ಅದಕ್ಕೂ ಮುಂಚೆ ಇಳಿಸಿದರೆ ಹಸಿ ಹಿಟ್ಟಿನ ರುಚಿ, ಮಸುಕು ಬಣ್ಣ. ಹತ್ತು ನಿಮಿಷ ಕುದಿಸಿದರೆ ವಿನೆಗರಿನ ಹುಳಿ ಸೇರಿ ಪಿಷ್ಟ ಒಡೆದು ನೀರಾಗುತ್ತದೆ. ಹೊಳಪು ಸಕ್ಕರೆಯದ್ದೇ ಆಗಬೇಕಿಲ್ಲ, ಸರಿಯಾಗಿ ಬೆಂದ ಪಿಷ್ಟ ಮತ್ತು ಕೊನೆಯ ಒಂದು ಟೀ ಚಮಚ ಎಣ್ಣೆಯಿಂದಲೇ ಬರುತ್ತದೆ.

ಕರಾವಳಿ_ಒಲೆ:
ಕಾರ್ನ್‌ಫ್ಲೋರಿಗಿಂತ ಕೂವೆ ಹಿಟ್ಟು ಹೊಳೆಯುತ್ತದೆ. ಸಾಸ್ ಗಾಜಿನ ಹಾಗೆ ತಿಳಿಯಾಗಿರುತ್ತದೆ, ಹಿಟ್ಟಿನ ವಾಸನೆಯೂ ಇಲ್ಲ. ಅಳತೆ ಅದೇ. ಆದರೆ ಬಹಳ ಸೂಕ್ಷ್ಮ: ಗಟ್ಟಿಯಾದ ಕೂಡಲೇ ಇಳಿಸಬೇಕು, ಮತ್ತೆ ಬಿಸಿ ಮಾಡಿದರೆ ಸಡಿಲ ಬೀಳುತ್ತದೆ. ಕೂತು ತಕ್ಷಣ ತಿನ್ನುವವರಿಗೆ ಕೂವೆ, ಡಬ್ಬಿ ಕಟ್ಟುವವರಿಗೆ ಕಾರ್ನ್‌ಫ್ಲೋರ್.

ಅಳತೆಚಮಚ:
ಒಪ್ಪಿದೆ. ಎರಡೂ ಪಿಷ್ಟವೇ, 5 ಗ್ರಾಂ ಹಿಟ್ಟಿನಲ್ಲಿ ನಾಲ್ಕೂವರೆ ಗ್ರಾಂ ಕಾರ್ಬ್ ಎಂಬುದು ನೆನಪಿರಲಿ. ಅದೂ ಬೇಡವೆಂದರೆ ಝಾಂಥನ್ ಗಮ್. 220 ಮಿ.ಲೀ.ಗೆ ಅರ್ಧ ಗ್ರಾಂ, ಕಾಲು ಟೀ ಚಮಚಕ್ಕೂ ಕಡಿಮೆ. ನೇರ ಉದುರಿಸಿದರೆ ಮೀನಿನ ಕಣ್ಣಿನಂಥ ಗಂಟುಗಳಾಗುತ್ತವೆ. ಒಂದು ಟೀ ಚಮಚ ಎಣ್ಣೆಯಲ್ಲಿ ಕಲಸಿ ಮಿಕ್ಸಿಯಲ್ಲಿ ಸಾಸ್ ತಿರುಗುತ್ತಿರುವಾಗ ಬಿಡಿ. ಬಿಸಿ ಬೇಕಿಲ್ಲ, ಹತ್ತು ನಿಮಿಷಕ್ಕೆ ಗಟ್ಟಿಯಾಗುತ್ತದೆ. ಅವಸರಪಟ್ಟು ಇನ್ನಷ್ಟು ಹಾಕಿದರೆ ಲೋಳೆಸರ. ಇದನ್ನು ಮಾತ್ರ ಬಾಟಲಿಗೇ ಸೇರಿಸಿಡಬಹುದು.

ಬಸಳೆಬಳ್ಳಿ:
ಇದೇ ಥರದ ಸಾಸಿನಲ್ಲಿ ಬೆಳ್ಳುಳ್ಳಿ ನೀಲಿ-ಹಸಿರು ಬಣ್ಣಕ್ಕೆ ತಿರುಗಿದೆ. ಚೆಲ್ಲಬೇಕಾ?

ಶುಂಠಿಚೂರು:
ಬೇಡ. ಬೆಳ್ಳುಳ್ಳಿಯ ಗಂಧಕದ ಅಂಶಗಳು ಹುಳಿಯಲ್ಲಿ ಅಮೈನೋ ಆಮ್ಲಗಳ ಜೊತೆ ಸೇರಿ ಕಟ್ಟುವ ಬಣ್ಣ ಅದು, ವಿಷವಲ್ಲ. ಹಸಿ ಬೆಳ್ಳುಳ್ಳಿಯನ್ನು ನೇರ ವಿನೆಗರಿಗೆ ಹಾಕಿದರೆ ಹೀಗಾಗುತ್ತದೆ. ಉತ್ತರ ಚೀನಾದಲ್ಲಿ ಬೇಕೆಂದೇ ಹೀಗೆ ಹಸಿರು ಬರಿಸಿ ‘ಲಾಬಾ’ ಬೆಳ್ಳುಳ್ಳಿ ಉಪ್ಪಿನಕಾಯಿ ಹಾಕುತ್ತಾರೆ. ಮೊದಲು ಎಣ್ಣೆಯಲ್ಲಿ ಬಾಡಿಸಿ, ವಿನೆಗರ್ ಕೊನೆಗೆ ಹಾಕಿದರೆ ಬರುವುದಿಲ್ಲ.

ಚೆಲ್ಲಬೇಕಾದ್ದು ಬೇರೆಯದು: ಹಸಿ ಬೆಳ್ಳುಳ್ಳಿ ಬರೀ ಎಣ್ಣೆಯಲ್ಲಿ ಮುಳುಗಿ ಹೊರಗೇ ಇದ್ದರೆ. ಗಾಳಿ ಇಲ್ಲ, ಹುಳಿ ಇಲ್ಲ, ಪ್ರಾಣಕ್ಕೇ ಕುತ್ತು ತರುವ ವಿಷ ಬಿಡುವ ಬೊಟುಲಿಸಂ ಬ್ಯಾಕ್ಟೀರಿಯಾಗೆ ಹೇಳಿ ಮಾಡಿಸಿದ ಜಾಗ. ವಾಸನೆಯಿಂದ ಗೊತ್ತಾಗುವುದಿಲ್ಲ.

ಬಸಳೆಬಳ್ಳಿ:
ಇನ್ನೊಂದು. ಗಟ್ಟಿ ಇದ್ದ ಸಾಸ್ ಮರುದಿನ ಫ್ರಿಜ್ಜಿನಲ್ಲಿ ನೀರು ನೀರು.

ಅಳತೆಚಮಚ:
ರುಚಿ ನೋಡಿದ ಚಮಚವನ್ನೇ ಮತ್ತೆ ಅದ್ದಿರಬಹುದು. ಎಂಜಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಕತ್ತರಿಸಿಹಾಕುತ್ತದೆ, ಫ್ರಿಜ್ಜಿನ ತಣ್ಣಗಿನಲ್ಲೂ ನಿಧಾನವಾಗಿ. ಮಡಿ-ಮೈಲಿಗೆ ಎಂದು ಅಜ್ಜಿಯರು ಬೈಯುತ್ತಿದ್ದುದಕ್ಕೆ ಇದೊಂದು ಕಾರಣವೂ ಸಿಕ್ಕಂತಾಯಿತು. ಫ್ರೀಜರಿನಲ್ಲಿಟ್ಟು ಕರಗಿಸಿದ್ದರೂ ಕಾರ್ನ್‌ಫ್ಲೋರ್ ಸಾಸ್ ನೀರು ಬಿಡುತ್ತದೆ.

ಹುಳಿಮಾವು:
ಗೋಬಿ ಮಂಚೂರಿಗೆ ಇದೇ ಸಾಸ್ ಹಾಕಿದರೆ ಆ ಕೆಂಪು ಬರುವುದಿಲ್ಲವಲ್ಲ. ಕೆಚಪ್ ಇಲ್ಲದೆ ದಾರಿ ಇದೆಯಾ?

ಕರಾವಳಿ_ಒಲೆ:
ಬ್ಯಾಡಗಿ ಇರುವಾಗ ಕೆಚಪ್ ಯಾಕೆ? ಆ ಮೆಣಸಿನಲ್ಲಿ ಬಣ್ಣ ಹೆಚ್ಚು, ಖಾರ ಕಡಿಮೆ. ಮಂಚೂರಿಗೆ ಕೃತಕ ಬಣ್ಣ ಹಾಕಬಾರದೆಂದು ನಮ್ಮ ರಾಜ್ಯ ಸರ್ಕಾರ 2024ರ ಮಾರ್ಚ್‌ನಲ್ಲಿ ನಿಷೇಧಿಸಿದ ಮೇಲಂತೂ ಇದೇ ಸರಿ.

ಎಂಟು ಬ್ಯಾಡಗಿ ಮೆಣಸಿನಕಾಯಿ, ಬೀಜ ಉದುರಿಸಿ ಬಿಸಿನೀರಿನಲ್ಲಿ 20 ನಿಮಿಷ. ಐದಾರು ಎಸಳು ಬೆಳ್ಳುಳ್ಳಿ ಜೊತೆ ನುಣ್ಣಗೆ ರುಬ್ಬಿ. ಸಿಪ್ಪೆ ನಾಲಿಗೆಗೆ ಸಿಗುವ ಹಾಗಿದ್ದರೆ ಜರಡಿಯಲ್ಲಿ ಒತ್ತಿ ತೆಗೆಯಿರಿ. ಒಂದೂವರೆ ಟೇಬಲ್ ಚಮಚ ಎಣ್ಣೆಯಲ್ಲಿ ಸಣ್ಣ ಉರಿಗೆ ಎಣ್ಣೆ ಬಿಡುವವರೆಗೆ ಹುರಿಯಿರಿ, ಐದಾರು ನಿಮಿಷ. ಇಲ್ಲಿ ಅವಸರಪಟ್ಟರೆ ಹಸಿ ಮೆಣಸಿನ ಘಾಟು ಉಳಿದು ಸಾಸಿಡೀ ಕೆಡುತ್ತದೆ. ಇದರ ಎರಡು ಟೇಬಲ್ ಚಮಚವನ್ನು ಮೇಲಿನ ಸಾಸಿನ 100 ಮಿ.ಲೀ.ಗೆ ಸೇರಿಸಿ. ಹುಳಿಗೆ ಒಂದು ಚಮಚ ಟೊಮೆಟೊ ರಸ ಹಾಕಬಹುದು, ಅದರಲ್ಲಿ ಸ್ವಂತ ಸಕ್ಕರೆ ಕೊಂಚ ಇದೆ.

ಹೂಕೋಸಿನ ಮೇಲಿನ ಮೈದಾ ಹೊದಿಕೆ ಹಾಗೇ ಇಟ್ಟುಕೊಂಡು ಸಾಸಿಗೆ ಸಕ್ಕರೆ ಬೇಡ ಎನ್ನುವುದರಲ್ಲಿ ಎಷ್ಟು ಅರ್ಥವಿದೆ, ಅದನ್ನು ನೀವೇ ಯೋಚಿಸಿ.

ಕಬ್ಬಿಣದಬಾಣಲೆ:
ಸಾಸ್ ಎಷ್ಟೇ ಚೆನ್ನಾಗಿದ್ದರೂ ಹಾಕುವ ಹೊತ್ತು ತಪ್ಪಿದರೆ ಪಲ್ಯ ನೀರಾಗುತ್ತದೆ. ಮನೆಯ ಗ್ಯಾಸಿಗೆ ಹೋಟೆಲಿನ ಬರ್ನರಿನ ಬಲ ಇಲ್ಲ. ಒಂದು ಸಲಕ್ಕೆ 250 ಗ್ರಾಂ ತರಕಾರಿ ಮೀರಬೇಡಿ, ತೊಳೆದದ್ದು ಪೂರ್ತಿ ಒಣಗಿರಲಿ. ಬಾಣಲೆ ಹೊಗೆಯಾಡಿದ ಮೇಲೆ ಎಣ್ಣೆ, ಆಮೇಲೆ ಗಟ್ಟಿ ತರಕಾರಿ, ಕೊನೆಗೆ ಎಲೆ. ಮುಕ್ಕಾಲು ಬೆಂದಾಗ 60 ರಿಂದ 70 ಮಿ.ಲೀ. ಸಾಸನ್ನು ಬಾಣಲೆಯ ಅಂಚಿನ ಸುತ್ತ ಸುರಿಯಿರಿ, ನಡುವೆ ಅಲ್ಲ. ಬಿಸಿ ಲೋಹ ತಾಗಿ ಸೋಯಾ ಚುರ್ ಎಂದಾಗಲೇ ಘಮ. ಬೇಗ ಹಾಕಿದರೆ ಉಪ್ಪು ತರಕಾರಿಯ ನೀರು ಎಳೆಯುತ್ತದೆ. ಹಿಟ್ಟಿನ ನೀರು ಅದರ ಹಿಂದೆಯೇ, ಒಟ್ಟು ಒಂದು ನಿಮಿಷದಲ್ಲಿ ಇಳಿಸಿ. ಸಕ್ಕರೆ ಇಲ್ಲದ್ದರಿಂದ ಒಂದು ಲಾಭ: ಸಾಸ್ ತಳ ಹಿಡಿದು ಕರಕಲಾಗುವುದು ಬಹಳ ಕಡಿಮೆ, ಉರಿ ಇಳಿಸದೆ ಕೆಲಸ ಮುಗಿಯುತ್ತದೆ.

ಸಿಹಿ ಬೇಕೆನ್ನುವವರಿಗೆ ಈರುಳ್ಳಿ, ಎಲೆಕೋಸನ್ನು ಅಂಚು ಕಂದಾಗುವವರೆಗೆ ಕೈಯಾಡಿಸದೆ ಬಿಡಿ. ಅವುಗಳದ್ದೇ ಸಿಹಿ ಸಾಕಾಗುತ್ತದೆ.

ಬಸಳೆಬಳ್ಳಿ:
ಚಿಕನ್ನಿಗೆ ಇದನ್ನೇ ಸವರಿ ರಾತ್ರಿಯಿಡೀ ಇಡಬಹುದಾ?

ಶುಂಠಿಚೂರು:
ಹಸಿ ಶುಂಠಿ ಇದ್ದರೆ ಬೇಡ. ಅದರಲ್ಲಿ ಮಾಂಸದ ಪ್ರೋಟೀನ್ ಕರಗಿಸುವ ಕಿಣ್ವ ಇದೆ, ಬೆಳಗ್ಗೆಗೆ ಹೊರಮೈ ಹಿಟ್ಟಿನಂತಾಗುತ್ತದೆ. ಮೇಲಿನ ಸಾಸಿನಲ್ಲಿ ಶುಂಠಿ ಕುದಿದಿದೆಯಲ್ಲ, ಆ ಭಯ ಕಡಿಮೆ, ಆದರೂ ಉಪ್ಪು ಒಳಗಿಳಿಯುತ್ತದೆ. ತೆಳು ಹೋಳಿಗೆ 20 ರಿಂದ 30 ನಿಮಿಷ ಸಾಕು. ಹಸಿ ಮಾಂಸ ಅದ್ದಿದ ಸಾಸನ್ನು ಬಾಟಲಿಗೆ ವಾಪಸ್ ಸುರಿಯಬೇಡಿ.

ಮಜ್ಜಿಗೆಮೆಣಸು:
ಕೊನೆಯದಾಗಿ, ಎಷ್ಟು ದಿನ ಇಡಬಹುದು?

ಅಳತೆಚಮಚ:
ಅಂಗಡಿಯ ಸಾಸ್ ತಿಂಗಳುಗಟ್ಟಲೆ ಉಳಿಯುವುದು ಸಕ್ಕರೆ, ಉಪ್ಪು, ಸಂರಕ್ಷಕ ಮೂರೂ ಸೇರಿ. ಇದರಲ್ಲಿ ಅಣಬೆ ನೀರೇ ಅರ್ಧಕ್ಕಿಂತ ಹೆಚ್ಚು. ಕುದಿಸಿದ್ದನ್ನು ಆರಿಸಿ, ಬಿಸಿನೀರಿನಲ್ಲಿ ತೊಳೆದು ಒಣಗಿಸಿದ ಗಾಜಿನ ಬಾಟಲಿಗೆ ತುಂಬಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ. 4 ಡಿಗ್ರಿಯಲ್ಲಿ ಐದರಿಂದ ಏಳು ದಿನ. ಹೆಚ್ಚು ಮಾಡಿದ್ದರೆ ಹಿಟ್ಟು ಸೇರಿಸದೆ ಐಸ್ ಟ್ರೇಗೆ ಸುರಿದು ಗಟ್ಟಿಯಾದ ಮೇಲೆ ಚೀಲಕ್ಕೆ ಹಾಕಿ, ಎರಡು ತಿಂಗಳು ಬರುತ್ತದೆ. ಟ್ರೇಯ ಒಂದು ಗುಂಡಿಗೆ ನೀರು ತುಂಬಿ ಅಳೆದು ನೋಡಿಕೊಳ್ಳಿ, 20 ಮಿ.ಲೀ. ಹಿಡಿದರೆ 250 ಗ್ರಾಂ ತರಕಾರಿಗೆ ಮೂರು ಗಡ್ಡೆ. ಉಪ್ಪಿರುವುದರಿಂದ ಕಲ್ಲಿನಂತೆ ಗಟ್ಟಿಯಾಗುವುದಿಲ್ಲ, ಗಾಬರಿ ಬೇಡ. ನೇರ ಬಾಣಲೆಗೆ ಹಾಕಬೇಡಿ, ಕಾವು ಇಳಿಯುತ್ತದೆ. ತರಕಾರಿ ಹೆಚ್ಚಲು ಶುರುಮಾಡುವಾಗಲೇ ಬಟ್ಟಲಿಗೆ ತೆಗೆದಿಟ್ಟರೆ ಹಾಕುವ ಹೊತ್ತಿಗೆ ಕರಗಿರುತ್ತದೆ.

ಮಜ್ಜಿಗೆಮೆಣಸು:
ಅಣಬೆ ಇವತ್ತು ರಾತ್ರಿಯೇ ನೆನೆಹಾಕುತ್ತೇನೆ. ಚಕ್ರಮೊಗ್ಗಿನ ಎರಡೇ ದಳ, ನೆನಪಿದೆ.